ಅವಿವಾಹಿತ ಅವಳಿಗಳ ಮನೆ: ‘ಸೈಕ್ಸ್’ ಧಾಟಿಯ ಹಾಸ್ಯ ಕನ್ನಡ ರಂಗದಲ್ಲಿ ನಿಂತೀತೇ?

ಪ್ರಶ್ನೆ – ಡೊಂಬಿವಲಿಯಿಂದ

ನಮ್ಮ ಬಡಾವಣೆಯ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆಂದು ನಲವತ್ತು ನಿಮಿಷಗಳ ಹಾಸ್ಯನಾಟಕವೊಂದನ್ನು ಬರೆಯುತ್ತಿದ್ದೇನೆ. ಅದಕ್ಕೆ ಪ್ರೇರಣೆ ಬಿಬಿಸಿಯ ‘ಸೈಕ್ಸ್’ ಧಾರಾವಾಹಿ (1972–79). ಎರಿಕ್ ಸೈಕ್ಸ್ ಮತ್ತು ಹ್ಯಾಟಿ ಜೇಕ್ಸ್ ಅದರಲ್ಲಿ ಮದುವೆಯಾಗದ ಅವಳಿ ಸೋದರ-ಸೋದರಿಯರಾಗಿ ಲಂಡನ್ನಿನ ಈಸ್ಟ್ ಆಕ್ಟನ್‌ನಲ್ಲಿ ಒಂದೇ ಮನೆಯಲ್ಲಿ ವಾಸಿಸುತ್ತಾರೆ. ನಡುವಯಸ್ಸಿನ ಅವಿವಾಹಿತ ಒಡಹುಟ್ಟಿದವರನ್ನು ಕಂಡೊಡನೆ ನಮ್ಮ ಪ್ರೇಕ್ಷಕರು ನಗುವ ಬದಲು ‘ಅಯ್ಯೋ ಪಾಪ’ ಎಂದು ಮರುಗಿಬಿಟ್ಟರೆ ಎಂಬುದೇ ನನ್ನ ಆತಂಕ. ಅವರನ್ನು ಗಂಡ-ಹೆಂಡತಿಯನ್ನಾಗಿ ಬದಲಿಸಬಹುದೇ?

ಉತ್ತರ – ಮಾಟುಂಗಾದಿಂದ

ದಯವಿಟ್ಟು ಬದಲಿಸಬೇಡಿ. ಈ ಜೋಡಿ ಇದಕ್ಕೂ ಹಿಂದಿನ ಧಾರಾವಾಹಿಯೊಂದರಲ್ಲಿ 1960ರಲ್ಲಿ ಮೊದಲು ತೆರೆಗೆ ಬರುವ ಮುನ್ನ ಗಂಡ-ಹೆಂಡತಿಯ ಕಥೆಯೆಂದೇ ಯೋಚನೆಯಿತ್ತು. ಅದನ್ನು ಸೋದರ-ಸೋದರಿಯರ ಕಥೆಯಾಗಿಸಿದವರು ಸ್ವತಃ ಸೈಕ್ಸ್. ಆ ಬದಲಾವಣೆಯಿಂದ ಇಬ್ಬರಿಗೂ ಹೊರಗಿನವರ ಮೇಲೆ ಮನಸ್ಸಾಗಬಹುದು, ಆಸೆ ಮುರಿದು ಮನೆಗೆ ಮರಳಬಹುದು; ದಂಪತಿಗಳಾಗಿದ್ದರೆ ಅದೇ ಪ್ರಸಂಗ ಸಂಸಾರ ಒಡೆಯುವ ಕಥೆಯಾಗುತ್ತಿತ್ತು. ನಮ್ಮ ದೃಷ್ಟಿಯಿಂದ ಇನ್ನೊಂದು ಮಾತಿದೆ. ಗಂಡನೊಡನೆ ಜಗಳವಾಡಿದ ಹೆಂಡತಿ ತವರಿಗೆ ಹೊರಡುತ್ತೇನೆಂದು ಪೆಟ್ಟಿಗೆ ಕಟ್ಟಬಹುದು, ಆದರೆ ಈ ತಂಗಿಗೆ ಆ ಮನೆಯೇ ತವರು, ಅವಳು ಎಲ್ಲಿಗೆ ಹೋಗಬೇಕು? ಬಿಟ್ಟುಹೋಗಲು ಬರದಷ್ಟು ಹಳೆಯ ಸಂಬಂಧದೊಳಗೆ ಹುಟ್ಟುವ ಜಗಳ ಅದು. ಪ್ರೇಕ್ಷಕರು ಮರುಗುವುದು ಒಬ್ಬರು ಇನ್ನೊಬ್ಬರ ಹಂಗಿನಲ್ಲಿದ್ದಾಗ ಮಾತ್ರ. ಆದ್ದರಿಂದ ಇಬ್ಬರಿಗೂ ಸ್ವಂತ ಸಂಪಾದನೆ ಕೊಡಿ, ಮನೆಯ ಕಾಗದಪತ್ರದಲ್ಲಿ ಇಬ್ಬರ ಹೆಸರೂ ಇರಲಿ.

ಉತ್ತರ – ಪುಣೆಯಿಂದ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ನಿಜವಾದ ತೊಡಕು ಸಂಬೋಧನೆಯದು. ಎರಿಕ್ ತನ್ನ ಸೋದರಿಯನ್ನು ‘ಹ್ಯಾಟ್’ ಎಂದು ಕರೆದರೆ ಅಲ್ಲಿ ಹಿರಿ-ಕಿರಿತನದ ಸುಳಿವೇ ಇಲ್ಲ. ಕನ್ನಡದಲ್ಲಿ ‘ಅಣ್ಣಾ’ ಎಂಬ ಒಂದೇ ಕರೆಯಿಂದ ಅವನಿಗೆ ಹಿರಿತನದ ಪೀಠ ಸಿಕ್ಕಿಬಿಡುತ್ತದೆ, ಅವಳ ವಾದ ಅರ್ಧಕ್ಕೆ ನಿಲ್ಲುತ್ತದೆ. ಅವಳಿಗಳೆಂಬುದನ್ನು ಉಳಿಸಿಕೊಂಡರೆ ಇಬ್ಬರೂ ಹೆಸರು ಹಿಡಿದು ಏಕವಚನದಲ್ಲಿ ಮಾತಾಡಬಹುದು. ನಮ್ಮಲ್ಲಿ ಅವಳಿಗಳಲ್ಲೂ ಮೊದಲು ಹುಟ್ಟಿದವರು ಯಾರೆಂದು ಕೇಳದೆ ಬಿಡುವವರಿಲ್ಲ; ಆ ಕೆಲವು ನಿಮಿಷಗಳ ಅಂತರವೇ ಅವರ ಆಜನ್ಮ ವಿವಾದವಾಗಲಿ. ರಿಚರ್ಡ್ ವ್ಯಾಟಿಸ್ ನಟಿಸಿದ ನೆರೆಮನೆಯ ಬ್ರೌನ್ ಮತ್ತು ಡೆರಿಕ್ ಗೈಲರ್ ನಟಿಸಿದ ಕಾನ್‌ಸ್ಟೇಬಲ್ ಕಾರ್ಕಿ ಇಲ್ಲಿ ಸೊಸೈಟಿಯ ಸೆಕ್ರೆಟರಿ ಮತ್ತು ವಾಚ್‌ಮನ್ ಆಗಬಹುದು. ಸೈಕ್ಸ್ ಅವರಿಗೆ ಕಿವಿ ಬಹಳ ಮಂದವಾಗಿತ್ತು. ಗಾಜಿಲ್ಲದ ಅವರ ಕನ್ನಡಕವೇ ಶ್ರವಣಸಾಧನವಾಗಿತ್ತು. ಎದುರಿನವರ ಮುಖ ನೋಡಿಯೇ ಮಾತು ಗ್ರಹಿಸುತ್ತಿದ್ದ ಅವರ ಏಕಾಗ್ರತೆಯನ್ನು ನಿಮ್ಮ ನಟರು ಗಮನಿಸಲಿ.

ಉತ್ತರ – ಮುಲುಂಡ್‌ನಿಂದ

ಸೋದರ-ಸೋದರಿಯರ ಮನೆಯೆಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ, ಆದರೆ ನಿರ್ದಿಷ್ಟ ಕಂತಿನ ಪ್ರಸಂಗವನ್ನೋ ಸಂಭಾಷಣೆಯನ್ನೋ ಅನುವಾದಿಸುವುದಾದರೆ ಅನುಮತಿ ಪಡೆಯಲೇಬೇಕು. ಸೈಕ್ಸ್ ತೀರಿಕೊಂಡದ್ದು 2012ರಲ್ಲಿ. ಲೇಖಕರ ಮರಣಾನಂತರ 60 ವರ್ಷಗಳವರೆಗೆ ಭಾರತದಲ್ಲಿ ಹಕ್ಕುಸ್ವಾಮ್ಯ ಉಳಿಯುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಪ್ರಸಂಗಗಳನ್ನು ಹೊಸದಾಗಿಯೇ ಕಟ್ಟುತ್ತೇನೆ, ಅವಳಿಗಳನ್ನು ಉಳಿಸಿಕೊಳ್ಳುತ್ತೇನೆ. ತಂಗಿ ಸಿಟ್ಟಿನಿಂದ ಪೆಟ್ಟಿಗೆ ಕಟ್ಟಿ, ಬಾಗಿಲವರೆಗೆ ನಡೆದು, ಹೋಗಬೇಕಾದ ತವರು ಇದೇ ಎಂಬುದು ನೆನಪಾಗಿ ನಿಲ್ಲುವುದರಿಂದ ಮೊದಲ ದೃಶ್ಯ ಆರಂಭವಾಗಲಿದೆ. ಸೋದರನಿಗಿಂತ ತಾನೇ ಮೊದಲು ಹುಟ್ಟಿದವಳೆಂದು ಅವಳು ಅಲ್ಲಿಂದಲೇ ವಾದ ಹೂಡುತ್ತಾಳೆ.