ತಲೆಯೊಳಗಿನ ಹೊಡೆದಾಟ: ಖಳನಾಯಕ ಬುದ್ಧಿವಂತ ಅನ್ನಿಸೋದು ಹೇಗೆ?

(ಕಿರುಚಿತ್ರದ ಬಗ್ಗೆ ಒಂದು ಚರ್ಚೆ; ಸಾಲಿನ ಮೊದಲಿರೋದು ಮಾತಾಡುವವರ ಅಡ್ಡಹೆಸರು.)

ಕತ್ತರಿಮೇಜು: ಶೆರ್ಲಾಕ್ ಹೋಮ್ಸ್ ಎರಡನೇ ಚಿತ್ರದ (‘ಎ ಗೇಮ್ ಆಫ್ ಶ್ಯಾಡೋಸ್’, 2011) ಕ್ಲೈಮ್ಯಾಕ್ಸ್‌ನಲ್ಲಿ ಪತ್ತೇದಾರ ಹೋಮ್ಸ್, ಖಳನಾಯಕ ಮೊರಿಯಾರ್ಟಿ ಇಬ್ಬರೂ ಬಾಲ್ಕನಿಯಲ್ಲಿ ನಿಂತು ಮನಸ್ಸಿನಲ್ಲೇ ಕಾದಾಡ್ತಾರಲ್ಲ, ಆ ಥರದ ದೃಶ್ಯ ಒಂದು ಕಿರುಚಿತ್ರಕ್ಕೆ ಬೇಕು. ಕಾಗದದ ಮೇಲೆ ನನ್ನ ಖಳನಾಯಕ ಬರೀ ಬಾಯಿಬಡುಕನ ಹಾಗೆ ಕಾಣ್ತಾನೆ. ಸ್ಲೋ ಮೋಷನ್ ಸೆಕೆಂಡಿಗೆ ಎಷ್ಟು ಫ್ರೇಮಿಗೆ (ಚಿತ್ರಕ್ಕೆ) ತೆಗೀಬೇಕು ಅನ್ನೋದೂ ಗೊಂದಲ.

ಮೂರನೇ ಅಂಕ: ಸಿನಿಮಾ ನೋಡದವರು ಮುಂದೆ ಓದಬೇಡಿ.

ಆ ದೃಶ್ಯದ ಬಲ ಇರೋದು 2009ರ ಮೊದಲ ಚಿತ್ರದಲ್ಲಿ. ಹೋಮ್ಸ್ ಮೊದಲು ಏಟುಗಳನ್ನು ನಿಧಾನವಾಗಿ ಲೆಕ್ಕ ಹಾಕ್ತಾನೆ, ಆಮೇಲೆ ಅದೇ ಕ್ರಮದಲ್ಲಿ ಸರಸರನೆ ಹೊಡೀತಾನೆ. ಅವನು ಅಂದುಕೊಂಡದ್ದು ಆಗೇ ತೀರುತ್ತೆ ಅಂತ ನಮಗೆ ರೂಢಿಯಾಗಿರುತ್ತೆ. ಎರಡನೇ ಚಿತ್ರದಲ್ಲಿ ಅದೇ ಲೆಕ್ಕದ ನಡುವೆ ಮೊರಿಯಾರ್ಟಿಯ ದನಿ ನುಗ್ಗಿದಾಗ ಎದೆ ಧಸಕ್ಕೆನ್ನುತ್ತೆ. ಕಿರುಚಿತ್ರಕ್ಕೆ ಮೊದಲ ಭಾಗ ಇರಲ್ಲ, ಹಾಗಾಗಿ ಆರಂಭದಲ್ಲೇ ಒಂದು ಸಣ್ಣ ಹೊಡೆದಾಟದಲ್ಲಿ ಲೆಕ್ಕ ಪೂರ್ತಿ ಫಲಿಸೋದನ್ನು ತೋರಿಸಿ. ಮುರಿಯೋದು ಆಮೇಲೆ.

ಇನ್ನೊಂದು, ಹೋಮ್ಸ್‌ನ ಭುಜದ ಗಾಯ. ಕೊಕ್ಕೆ ಚುಚ್ಚಿದ್ದನ್ನು ನಾವು ಮೊದಲೇ ನೋಡಿರ್ತೀವಿ, ಮೊರಿಯಾರ್ಟಿ ಅದನ್ನೇ ಬಳಸಿ ಗೆಲ್ಲೋ ಲೆಕ್ಕ ಹಾಕ್ತಾನೆ. ಖಳನಾಯಕನಿಗೆ ಹೊಸ ಮಾಹಿತಿ ಕೊಡಬೇಡಿ. ನೋಡುಗರಿಗೂ ಗೊತ್ತಿರೋದನ್ನು ಅವನು ನಮಗಿಂತ ಮೊದಲು ಉಪಯೋಗಿಸಬೇಕು.

ಒಣಗಿದ ಗಿಡ: ಹೊಡೆದಾಟಕ್ಕೆ ಮೊದಲೇ ಆಟ ಮುಗಿದಿರುತ್ತೆ ಅನ್ನೋದನ್ನೂ ಗಮನಿಸಿ. ಮೊರಿಯಾರ್ಟಿಯ ಕೋಣೆಯಲ್ಲಿ ತೋಟಗಾರಿಕೆ ಪುಸ್ತಕ ಇದೆ, ಗಿಡ ಮಾತ್ರ ಬಾಡಿದೆ. ಅವನ ಡೈರಿಯ ಗುಪ್ತಲಿಪಿಗೆ ಆ ಪುಸ್ತಕವೇ ಬೀಗದಕೈ, ಹೋಮ್ಸ್ ಅದನ್ನು ಮೊದಲೇ ಪತ್ತೆ ಹಚ್ಚಿರ್ತಾನೆ. ಸುಳಿವನ್ನು ಹೀಗೆ ಅಲಂಕಾರದ ಸಾಮಾನಿನ ಹಾಗೆ ಇಡಬೇಕು. ಕ್ಯಾಮೆರಾ ಅದರ ಮೇಲೆ ನಿಂತರೆ ಕೆಟ್ಟಿತು.

ಆ ಬಾಲ್ಕನಿ ದೃಶ್ಯದ ಹಾಗೆ ಚದುರಂಗದ ನಡೆಗಳನ್ನು ಬಾಯಲ್ಲೇ ಹೇಳಿಸೋದಾದರೆ ನಿಜವಾದ ಆಟವನ್ನೇ ಬಳಸಿ. ಚದುರಂಗ ಆಡುವವರು ವಿಡಿಯೊ ನಿಲ್ಲಿಸಿ ಪರೀಕ್ಷೆ ಮಾಡ್ತಾರೆ, ಬಿಡೋದಿಲ್ಲ!

ಹಳೇ ಲೆನ್ಸ್: ಕಾನನ್ ಡಾಯ್ಲ್ ಬರೆದ ಮೂಲ ಕಥೆಯಲ್ಲಿ (‘ದಿ ಫೈನಲ್ ಪ್ರಾಬ್ಲಮ್’, 1893) ಮೊರಿಯಾರ್ಟಿ ಹೋಮ್ಸ್ ಎದುರು ಕೂತು ಮಾತಾಡೋದು ಒಂದೇ ಸಲ, ಅದೂ ಹೋಮ್ಸ್ ಬಾಯಿಂದ ಕೇಳಿದ್ದು. ಅಷ್ಟಕ್ಕೇ ಭಯ ಹುಟ್ಟುತ್ತೆ. ನಿಮ್ಮವನ ಸಂಭಾಷಣೆ ಅರ್ಧ ಕತ್ತರಿಸಿ ನೋಡಿ.

ಕ್ಯಾಮೆರಾ ವಿಷಯ: ಸೆಕೆಂಡಿಗೆ 24 ಫ್ರೇಮಿನಲ್ಲಿ ತೋರಿಸೋದಾದರೆ 120 ಫ್ರೇಮಿಗೆ ತೆಗೆದರೆ ಸಾಕು, ಐದು ಪಟ್ಟು ನಿಧಾನ. 1000ಕ್ಕೆ ಹೋದರೆ ಒಂದು ಸೆಕೆಂಡು ಸುಮಾರು 42 ಸೆಕೆಂಡಾಗುತ್ತೆ. ಮರದ ತೊಗಟೆ ಸಿಡಿಯೋಕೆ ಚೆಂದ, ನಟರ ಮುಖಕ್ಕೆ ಅಲ್ಲ. 120ಕ್ಕೂ ಬೆಳಕು ಐದು ಪಟ್ಟು ಬೇಕು, ಅಂದರೆ ಎರಡು ಸ್ಟಾಪ್‌ಗಿಂತ ತುಸು ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ವಿದ್ಯುತ್ 50 ಹರ್ಟ್ಸ್ ಇದ್ದರೆ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಬರಿಗಣ್ಣಿಗೆ ಕಾಣದ್ದು 120ರಲ್ಲಿ ಪಟಪಟ ಹೊಡೀತದೆ. ಹಗಲು ಬೆಳಕಲ್ಲಿ ತೆಗೀರಿ, ಇಲ್ಲವೇ ಫ್ಲಿಕರ್ ಇಲ್ಲದ ಎಲ್‌ಇಡಿ ತನ್ನಿ.

ಕತ್ತರಿಮೇಜು: ಹಿನ್ನೆಲೆ ದನಿಗೂ ಏಟುಗಳಿಗೂ ತಾಳೆ ಹಾಕೋದು ಹೇಗೆ?

ಹಳೇ ಲೆನ್ಸ್: ದನಿ ಮೊದಲು ರೆಕಾರ್ಡ್ ಮಾಡಿ, ಸೆಕೆಂಡು ಎಣಿಸಿ, ಐದರಿಂದ ಭಾಗಿಸಿ. ಹತ್ತು ಸೆಕೆಂಡಿನ ಮಾತಿಗೆ ಎರಡೇ ಸೆಕೆಂಡಿನ ಹೊಡೆದಾಟ, ಅಂದರೆ ಎರಡು ಮೂರು ಏಟು. ಬರೆದದ್ದು ಅದಕ್ಕಿಂತ ಜಾಸ್ತಿ ಇದ್ದರೆ ಏಟು ಕಡಿಮೆ ಮಾಡಿ, ಮಾತನ್ನು ಓಡಿಸಬೇಡಿ.