ಗಿಟಾರ್ ತಂತಿಗಳಿಗೆ ತೆಂಗಿನೆಣ್ಣೆ, ಸ್ಪಿರಿಟ್, ಡಬ್ಲ್ಯೂಡಿ-40: ಯಾವುದನ್ನು ಬಳಸಬಹುದು?

ಪ್ರಶ್ನೆ: ಕಡಲತಡಿಯ ಕಲಿಕೆಗಾರ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿದ್ದು, ಉಕ್ಕಿನ ತಂತಿಗಳ ಅಕೂಸ್ಟಿಕ್ ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಹೊಸ ತಂತಿಗಳನ್ನು ಹಾಕಿದ ಕೆಲವೇ ವಾರಗಳಲ್ಲಿ ತೆಳುವಾದ ಮೊದಲೆರಡು ತಂತಿಗಳ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ, ಬೆರಳನ್ನು ಜಾರಿಸಿದರೆ ತರಿತರಿಯಾಗಿ ಹತ್ತುತ್ತದೆ. ದಪ್ಪ ತಂತಿಗಳು ಹೊಳಪು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುವುದಲ್ಲದೆ ಅವುಗಳ ನಾದವೂ ಮಂಕಾಗುತ್ತದೆ. ಪ್ರತಿ ಬಾರಿ ಹೊಸ ತಂತಿ ಕೊಳ್ಳುವುದಕ್ಕಿಂತ, ಮನೆಯಲ್ಲಿರುವ ವಸ್ತುಗಳಿಂದಲೇ ಅವುಗಳನ್ನು ಸ್ವಚ್ಛಗೊಳಿಸಿ, ಬೆರಳು ಸರಾಗವಾಗಿ ಓಡುವಂತೆ ಸ್ವಲ್ಪ ಜಿಡ್ಡು ಸವರಬಹುದೇ ಎಂಬುದು ನನ್ನ ಪ್ರಶ್ನೆ.

ಕೇಳಿದವರೆಲ್ಲ ಒಂದೊಂದು ಉಪಾಯ ಹೇಳುತ್ತಾರೆ. ಮನೆಯಲ್ಲಿ ಅಮ್ಮ ತೆಂಗಿನೆಣ್ಣೆ ಸಾಕು ಎನ್ನುತ್ತಾರೆ, ಗ್ಯಾರೇಜ್ ನಡೆಸುವ ಗೆಳೆಯ ಡಬ್ಲ್ಯೂಡಿ-40 ಸಿಂಪಡಿಸು ಎನ್ನುತ್ತಾನೆ, ಸಹಪಾಠಿಯೊಬ್ಬರು ಹ್ಯಾಂಡ್ ಸ್ಯಾನಿಟೈಸರ್‌ನಿಂದ ಒರೆಸುತ್ತಾರೆ. ದಪ್ಪ ತಂತಿಗಳ ಸುತ್ತು ಕಂಚಿನದಾದ್ದರಿಂದ ಹುಣಸೆಹಣ್ಣಿನಲ್ಲಿ ಉಜ್ಜಬಹುದು ಎಂದವರೂ ಇದ್ದಾರೆ. ಇವುಗಳಲ್ಲಿ ಯಾವುದು ತಂತಿಗೆ ಹಿತ, ಯಾವುದು ಫ್ರೆಟ್‌ಬೋರ್ಡಿನ (ತಂತಿಯನ್ನು ಬೆರಳಿಂದ ಒತ್ತುವ ಪಟ್ಟಿಯ) ಮರಕ್ಕೆ ಹಾನಿ ಎಂಬುದನ್ನು ತಿಳಿದವರು ಕಾರಣಸಹಿತವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ತಂತಿ ಮತ್ತು ಮರ

ವಾದ್ಯಗಳ ದುರಸ್ತಿ ನನ್ನ ಕಸುಬಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಗಿಟಾರಿನ ಮೊದಲೆರಡು ತಂತಿಗಳು ಬರಿಯ ಉಕ್ಕಿನವು, ಅವುಗಳ ಮೇಲೆ ತವರದ ತೆಳುಲೇಪ ಮಾತ್ರ ಇರುತ್ತದೆ. ಉಳಿದ ನಾಲ್ಕರಲ್ಲಿ ಉಕ್ಕಿನ ಒಳತಂತಿಯ ಸುತ್ತ ತಾಮ್ರದ ಮಿಶ್ರಲೋಹವನ್ನು ಬಿಗಿಯಾಗಿ ಸುತ್ತಿರುತ್ತಾರೆ; ಕೆಲವು ಸೆಟ್‌ಗಳಲ್ಲಿ ಅದು ನೂರಕ್ಕೆ 80 ಭಾಗ ತಾಮ್ರ, 20 ಭಾಗ ಸತು, ಇನ್ನು ಕೆಲವುಗಳಲ್ಲಿ ತವರ ಮತ್ತು ಅತ್ಯಲ್ಪ ರಂಜಕ ಬೆರೆತ ಫಾಸ್ಫರ್ ಬ್ರಾಂಜ್. ಆದ್ದರಿಂದ ಎರಡು ಬಗೆಯ ತಂತಿಗಳ ಕಾಯಿಲೆಯೂ ಬೇರೆ ಬೇರೆ. ತೆಳು ತಂತಿಗೆ ಬರುವುದು ತುಕ್ಕು. ದಪ್ಪ ತಂತಿಯ ನಾದವನ್ನು ಕೊಲ್ಲುವುದು ಮುಖ್ಯವಾಗಿ ಸುತ್ತುಗಳ ಸಂದಿಯಲ್ಲಿ ಸೇರಿಕೊಳ್ಳುವ ಬೆವರು, ಜಿಡ್ಡು ಮತ್ತು ಚರ್ಮದ ಸತ್ತ ಪದರ.

ತಂತಿಯ ಶ್ರುತಿ ಅದರ ಉದ್ದ, ಬಿಗಿತ ಮತ್ತು ಪ್ರತಿ ಅಳತೆಯ ಉದ್ದಕ್ಕೆ ಇರುವ ತೂಕವನ್ನು ಅವಲಂಬಿಸಿದೆ. ಬೆರಳು ಹೆಚ್ಚು ಓಡಾಡುವ ಮೊದಲ ಕೆಲವು ಫ್ರೆಟ್‌ಗಳ (ಲೋಹದ ಅಡ್ಡಪಟ್ಟಿಗಳ) ಮೇಲೆ ಮಾತ್ರ ಕೊಳೆ ಸೇರಿದಾಗ ತೂಕ ಒಂದೇ ಸಮನಾಗಿ ಹಂಚಿಕೆಯಾಗದೆ, ಬೆರಳೊತ್ತದೆ ಬಿಟ್ಟ ತಂತಿ ಸರಿಯಾಗಿ ನುಡಿದರೂ ಒತ್ತಿದ ಸ್ವರಗಳು ಅಲ್ಲಲ್ಲಿ ತಪ್ಪುತ್ತವೆ. ಇದನ್ನು ಮೊದಲು ಹೇಳಲು ಕಾರಣವಿದೆ. ಇಂಥ ತಂತಿಗೆ ಎಣ್ಣೆ ಸವರುವುದೆಂದರೆ ಕೊಳೆಯ ಮೇಲೆ ಇನ್ನಷ್ಟು ತೂಕ ಹೇರಿದಂತೆಯೇ. ಬೆರಳು ಜಾರುತ್ತದೆ, ನಾದ ಇನ್ನೂ ಮಂಕಾಗುತ್ತದೆ.

ಸ್ವಚ್ಛಗೊಳಿಸಲು ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಸರ್ಜಿಕಲ್ ಸ್ಪಿರಿಟ್ ಉತ್ತಮ, ಏಕೆಂದರೆ ಅದು ಜಿಡ್ಡನ್ನು ಕರಗಿಸಿ ತಾನು ಬೇಗ ಆರಿಹೋಗುತ್ತದೆ. ಆದರೆ ಅದನ್ನು ಹತ್ತಿಬಟ್ಟೆಗೆ ಹಾಕಿಕೊಳ್ಳಬೇಕೇ ಹೊರತು ವಾದ್ಯದ ಮೇಲೆ ಸುರಿಯಬಾರದು. ತಂತಿಗಳ ಅಡಿಯಲ್ಲಿ ಒಂದು ರಟ್ಟನ್ನು ತೂರಿಸಿಟ್ಟು, ಬಟ್ಟೆಯಿಂದ ತಂತಿಯನ್ನು ಸುತ್ತಲೂ ಹಿಡಿದು, ಗಿಟಾರಿನ ತಲೆಯ ಬಳಿ ತಂತಿ ಹಾಯುವ ನಟ್‌ನಿಂದ ಮೈಮೇಲೆ ತಂತಿಯ ಇನ್ನೊಂದು ತುದಿ ಇರುವ ಬ್ರಿಜ್‌ವರೆಗೆ ಎಳೆಯಿರಿ. ತಂತಿಯ ಕೆಳಭಾಗವೇ ಹೆಚ್ಚು ಕೊಳೆಯಾಗಿರುತ್ತದೆ, ಮೇಲೆ ಮಾತ್ರ ಒರೆಸಿದವರಿಗೆ ಅದು ಕಾಣುವುದಿಲ್ಲ. ಫ್ರೆಟ್‌ಬೋರ್ಡಿನ ಮರವನ್ನು ಸ್ಪಿರಿಟ್ ಒಣಗಿಸುತ್ತದೆ, ಅರಗಿನ ಪಾಲಿಶ್ ಇರುವ ವಾದ್ಯಗಳಲ್ಲಿ ಪಾಲಿಶನ್ನೇ ಕರಗಿಸಿಬಿಡುತ್ತದೆ. ಹತ್ತಿರ ದೀಪ, ಊದುಬತ್ತಿ ಇರಬಾರದೆಂದು ಬೇರೆ ಹೇಳಬೇಕಿಲ್ಲ. ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಚರ್ಮ ಒಣಗದಿರಲೆಂದು ಅದಕ್ಕೆ ಬೆರೆಸುವ ಗ್ಲಿಸರಿನ್ ತಂತಿಯ ಮೇಲೆ ಅಂಟಾಗಿ ಉಳಿದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ಹುಣಸೆಹಣ್ಣು, ನಿಂಬೆರಸ, ವಿನೆಗರ್ ಇವುಗಳನ್ನು ಹತ್ತಿರವೂ ತರಬೇಡಿ. ಹುಣಸೆಯ ಆಮ್ಲ ತಾಮ್ರದ ಕಿಲುಬನ್ನು ಕರಗಿಸುವುದು ನಿಜ, ಆದರೆ ಹಿತ್ತಾಳೆಯ ಪಾತ್ರೆಯನ್ನು ನಾವು ಆಮೇಲೆ ಧಾರಾಳವಾಗಿ ನೀರಿನಲ್ಲಿ ತೊಳೆಯುತ್ತೇವೆ. ಗಿಟಾರಿನ ಮೇಲಿರುವ ತಂತಿಯನ್ನು ಹಾಗೆ ತೊಳೆಯಲಾಗದು. ಸುತ್ತುಗಳ ನಡುವೆ ಉಳಿದ ಹುಳಿ ಒಳಗಿನ ಉಕ್ಕನ್ನು ಮುಟ್ಟುತ್ತದೆ, ತಾಮ್ರ ಮತ್ತು ಉಕ್ಕು ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಮೊದಲು ಸವೆಯುವುದು ಉಕ್ಕೇ. ಹೊರಗೆ ಫಳಫಳ ಹೊಳೆಯುವ ತಂತಿ ಒಳಗಿನಿಂದ ಸವೆದು ಒಂದು ದಿನ ತುಂಡಾಗುತ್ತದೆ.

ಡಬ್ಲ್ಯೂಡಿ-40 ಬಗ್ಗೆ ಒಂದು ಮಾತು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಎಂಬ ಕಂಪನಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ತೇವವನ್ನು ಹೊರದೂಡಿ ತುಕ್ಕು ತಡೆಯಲೆಂದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೂ ಅದನ್ನು ಬಳಸಿದ್ದರು. ಆ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಅಸಂಬದ್ಧವೇನಲ್ಲ. ಆದರೆ ಸಿಂಪಡಿಸಿದಾಗ ಅದು ಮರಕ್ಕೂ ಗಿಟಾರಿನ ಮೈಯ ತೂತಾದ ಸೌಂಡ್‌ಹೋಲ್‌ಗೂ ಹಾರುತ್ತದೆ, ಮರಕ್ಕೆ ಇಳಿದ ಮೇಲೆ ಮುಂದೆ ಅಂಟು ಹಾಕಬೇಕಾಗಿ ಬಂದಾಗ ನಮ್ಮಂಥವರಿಗೆ ಕಷ್ಟ. ನನ್ನ ಅಂಗಡಿಯಲ್ಲಿ ಅದು ಬಾಗಿಲಿನ ಕೀಲಿಗೆ ಮಾತ್ರ.

ಉತ್ತರ: ವೀಣೆಯ ಅಭ್ಯಾಸಿ

ಮೇಲಿನ ಉತ್ತರ ಸರಿಯಾಗಿದೆ, ಆದರೆ ನಿಮ್ಮ ಅಮ್ಮನವರ ಸಲಹೆ ಎಲ್ಲಿಂದ ಬಂದಿರಬಹುದೆಂಬುದನ್ನೂ ಹೇಳಬೇಕೆನಿಸಿತು. ವೀಣೆ ನುಡಿಸುವವರು ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ತೆಂಗಿನೆಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಇಟ್ಟುಕೊಂಡು, ಎಡಗೈಯ ತೋರುಬೆರಳು ಮತ್ತು ನಡುಬೆರಳನ್ನು ಆಗಾಗ ಅದಕ್ಕೆ ತಾಗಿಸಿಕೊಳ್ಳುವುದನ್ನು ಕಚೇರಿಗಳಲ್ಲಿ ನೀವೂ ನೋಡಿರಬಹುದು. ತಂತಿಯನ್ನು ಅಡ್ಡಲಾಗಿ ಎಳೆದು ಗಮಕ ನುಡಿಸುವಾಗ, ಒಂದು ಮೆಟ್ಟಿನಿಂದ ದೂರದ ಇನ್ನೊಂದಕ್ಕೆ ಜಾರುವಾಗ ಎಣ್ಣೆಯಿಲ್ಲದಿದ್ದರೆ ಬೆರಳು ಸೀಳಿಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಎಣ್ಣೆ ಬೆರಳಿಗೆ, ತಂತಿಗಲ್ಲ, ಅದೂ ತೊಟ್ಟಿಕ್ಕುವಷ್ಟಲ್ಲ. ಹೆಚ್ಚಾಗಿ ನಾವು ಎಳೆಯುವ ಸಾರಣಿ ಮತ್ತು ಪಂಚಮದ ತಂತಿಗಳು ಬರಿಯ ಉಕ್ಕಿನವಾದ್ದರಿಂದ ಎಣ್ಣೆ ಸೇರಿಕೊಳ್ಳಲು ಸಂದಿಯೂ ಇಲ್ಲ.

ಹಾಗಿದ್ದರೂ ಅಭ್ಯಾಸ ಮುಗಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿಯೇ ವೀಣೆಗೆ ಮುಸುಕು ಹಾಕುವುದು ನಮ್ಮಲ್ಲಿನ ರೂಢಿ. ಒರೆಸದೆ ಬಿಟ್ಟರೆ ಎಣ್ಣೆ ಧೂಳನ್ನು ಹಿಡಿದುಕೊಂಡು ಮೆಟ್ಟುಗಳ ಅಂಚಿನಲ್ಲಿ ಕರಿಯ ಗಸಿಯಾಗಿ ನಿಲ್ಲುತ್ತದೆ. ಅಂದಹಾಗೆ, ಯಾವ ಎಣ್ಣೆಯಾದರೂ ಒಂದೇ ಎಂದುಕೊಳ್ಳಬೇಡಿ. ತೆಂಗಿನೆಣ್ಣೆ ಬೇಗ ಕಮಟುವುದಿಲ್ಲ. ಸೂರ್ಯಕಾಂತಿ ಎಣ್ಣೆ, ಅಗಸೆ ಎಣ್ಣೆಗಳು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗಿ ಅಂಟಂಟಾಗುತ್ತವೆ, ಅಗಸೆ ಎಣ್ಣೆಯಂತೂ ಬಣ್ಣ ಬಳಿಯುವವರು ಒಣಗಲೆಂದೇ ಬಳಸುವ ಎಣ್ಣೆ. ಗಿಟಾರಿನಲ್ಲಿ ಕಾರ್ಡ್‌ಗಳನ್ನೇ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನೇ) ಹೆಚ್ಚು ಹಿಡಿಯುವವರಿಗೆ ಇದರ ಅಗತ್ಯವೇ ಕಾಣುವುದಿಲ್ಲ. ಗಿಟಾರಿನಲ್ಲಿ ಗಮಕಗಳನ್ನು ನುಡಿಸುವವರಾದರೆ ಬೆರಳ ತುದಿಗೆ ನಸುವಾಗಿ ತಾಗಿಸಿಕೊಳ್ಳಬಹುದು.

ಉತ್ತರ: ಬೇಸ್ ಬಳಗ

ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸುವ ಉಪಾಯವನ್ನು ಯಾರೂ ಪ್ರಸ್ತಾಪಿಸಿಲ್ಲ. ಬೇಸ್ ಗಿಟಾರಿನ ಒಂದು ಸೆಟ್ ತಂತಿಯ ಬೆಲೆ ಸಾಮಾನ್ಯ ಗಿಟಾರಿನ ತಂತಿಗಳಿಗಿಂತ ಹಲವು ಪಟ್ಟು ಹೆಚ್ಚಾದ್ದರಿಂದ ನಮ್ಮಲ್ಲಿ ಇದು ಹಳೆಯ ಪದ್ಧತಿ. ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬಿಟ್ಟರೆ ಸಂದಿಗಳ ಜಿಡ್ಡು ಸಡಿಲಗೊಂಡು ಹೊರಬರುತ್ತದೆ, ನೀರಿನ ಬಣ್ಣ ನೋಡಿದರೆ ಎಷ್ಟು ಕೊಳೆಯನ್ನು ನುಡಿಸುತ್ತಿದ್ದೆವೆಂದು ತಿಳಿಯುತ್ತದೆ. 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಉಕ್ಕಿನ ಗುಣವೇನೂ ಬದಲಾಗದು. ಕೆಲವರು ಕುದಿಸುವ ಬದಲು ಮುಚ್ಚಳವಿರುವ ಕೊಳವೆಯಲ್ಲಿ ಸ್ಪಿರಿಟ್ ತುಂಬಿ ರಾತ್ರಿಯಿಡೀ ನೆನೆಸುತ್ತಾರೆ, ತುಕ್ಕಿನ ಭಯ ಅದರಲ್ಲಿ ಕಡಿಮೆ. ಪಾಲಿಶ್ ಸಾಮಾನಿನ ಅಂಗಡಿಯ ಸ್ಪಿರಿಟ್‌ನಲ್ಲಿ ವಿಷಕಾರಿಯಾದ ಮೆಥನಾಲ್ ಇರಬಹುದಾದ್ದರಿಂದ ಕೈಗವಸು ಮತ್ತು ತೆರೆದ ಕಿಟಕಿ ಅವಶ್ಯ.

ಆದರೆ ಹೊಳಪಿನ ನಾದ ಹೆಚ್ಚು ಕಾಲ ಉಳಿಯುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಫ್ರೆಟ್‌ಗಳ ಹೊಡೆತಕ್ಕೆ ತಂತಿಯ ಕೆಳಗೆ ಬಿದ್ದ ಚಪ್ಪಟೆ ಗುರುತುಗಳನ್ನು ಯಾವ ನೀರೂ ತೊಳೆಯಲಾರದು. ಅಲ್ಲದೆ ಒಮ್ಮೆ ಬಾಗಿದ ತೆಳು ತಂತಿಯನ್ನು ಬಿಚ್ಚಿ ಮತ್ತೆ ಸುತ್ತಿದರೆ ಬಾಗಿದಲ್ಲಿಯೇ ಮುರಿಯುವ ಸಂಭವ ಹೆಚ್ಚು. ನಿಮ್ಮ ಅಕೂಸ್ಟಿಕ್ ಗಿಟಾರಿಗೆ ಈ ಶ್ರಮ ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ.

ಮರುಪ್ರಶ್ನೆ: ಕಡಲತಡಿಯ ಕಲಿಕೆಗಾರ

ಮೂವರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಶ್ರುತಿ ಏರಿಸುವಾಗ ಮೂರನೆಯ ತಂತಿ ಸ್ವಲ್ಪ ಹೊತ್ತು ಅಲುಗದೆ ನಿಂತು, ಆಮೇಲೆ "ಟಿಣ್" ಎಂದು ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಅಲ್ಲಿ ಎಣ್ಣೆ ಬಿಡಬೇಕೇ? ಪರೀಕ್ಷೆಯ ಕಾರಣ ಮಳೆಗಾಲದಲ್ಲಿ ಕೆಲವು ವಾರ ಗಿಟಾರನ್ನು ಮುಟ್ಟಲಾಗುವುದಿಲ್ಲ. ಆಗ ತಂತಿಗಳನ್ನು ಏನು ಮಾಡಬೇಕು?

ಉತ್ತರ: ತಂತಿ ಮತ್ತು ಮರ

ಮೊದಲನೆಯದು ತಂತಿಯ ದೋಷವಲ್ಲ, ನಟ್‌ನ ಗಾಡಿಯದು, ಅಂದರೆ ತಂತಿ ಕೂರುವ ಸೀಳಿನದು. ಗಾಡಿ ಬಿಗಿಯಾಗಿ ತಂತಿಯನ್ನು ಹಿಡಿದಿಟ್ಟುಕೊಂಡಾಗ ಶ್ರುತಿ ಮಾಡುವ ಕೀಲಿಯ ಕಡೆ ಬಿಗಿತ ಏರುತ್ತಾ ಹೋಗಿ, ಹಿಡಿತ ತಪ್ಪಿದ ಕೂಡಲೇ ಅಷ್ಟೂ ಬಿಗಿತ ಈಚೆಗೆ ಹಾಯುತ್ತದೆ. ಜಿಡ್ಡಿನ ಅಗತ್ಯ ಗಿಟಾರಿನಲ್ಲಿ ನಿಜವಾಗಿ ಇರುವುದೇ ಇಲ್ಲಿ, ಅದಕ್ಕೆ ಎಣ್ಣೆಯೂ ಬೇಡ. ತಂತಿಯನ್ನು ಸಡಿಲಿಸಿ ಗಾಡಿಯಿಂದ ಪಕ್ಕಕ್ಕೆ ಸರಿಸಿ, ಮೆತ್ತನೆಯ 2ಬಿ ಅಥವಾ 4ಬಿ ಪೆನ್ಸಿಲಿನ ಚೂಪಾದ ತುದಿಯಿಂದ ಗಾಡಿಯ ತಳವನ್ನು ಚೆನ್ನಾಗಿ ತೀಡಿ. ಪೆನ್ಸಿಲಿನ ಗ್ರ್ಯಾಫೈಟ್ ಒಣ ಜಾರುಪುಡಿ, ಧೂಳನ್ನು ಅಂಟಿಸಿಕೊಳ್ಳುವುದಿಲ್ಲ. ಆಮೇಲೂ ತಂತಿ ಜಿಗಿದರೆ ಗಾಡಿ ಆ ತಂತಿಯ ದಪ್ಪಕ್ಕೆ ಕಿರಿದಾಗಿದೆ ಎಂದರ್ಥ; ಅದನ್ನು ಅರದಿಂದ ಅಗಲಿಸುವುದು ಅನುಭವವಿದ್ದವರ ಕೆಲಸ, ಏಕೆಂದರೆ ಕೂದಲೆಳೆಯಷ್ಟು ಆಳ ಹೆಚ್ಚಾದರೂ ಬಿಟ್ಟ ತಂತಿ ಫ್ರೆಟ್‌ಗೆ ತಾಗಿ ಜುಂಯ್‌ಗುಡುತ್ತದೆ.

ಇನ್ನು ಗಿಟಾರನ್ನು ಎತ್ತಿಡುವ ವಿಚಾರ. ಮೊದಲು ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡು, ಎಲ್ಲ ತಂತಿಗಳನ್ನೂ ಸ್ಪಿರಿಟ್‌ನ ಬಟ್ಟೆಯಿಂದ ಮೇಲೆ ಹೇಳಿದಂತೆ ಸ್ವಚ್ಛಗೊಳಿಸಿ. ಅದು ಪೂರ್ತಿ ಆರಿದ ನಂತರ, ಬರಿಯ ಉಕ್ಕಿನ ಮೊದಲೆರಡು ತಂತಿಗಳಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯನ್ನು ಬಳಸಬಹುದು. ಒಂದು ಹನಿಯನ್ನು ಬಟ್ಟೆಗೆ ಹಾಕಿ ಹಿಂಡಿ, ಅದರಿಂದ ತಂತಿಯನ್ನು ಎಳೆದು, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಉಳಿದರೆ ಸಾಕು. ಅದು ಖನಿಜ ತೈಲವಾದ್ದರಿಂದ ಕಮಟುವುದಿಲ್ಲ, ಗಟ್ಟಿಯಾಗುವುದೂ ಇಲ್ಲ. ಬೇಡಿಕೆಯಿದ್ದು ಅಂಗಡಿಗಳಲ್ಲಿ ದುಬಾರಿಯಾಗಿ ಮಾರುವ ತಂತಿ-ಲೇಪಗಳಲ್ಲಿ ಕೆಲವಕ್ಕೆ ಇಂಥದೇ ತೈಲ ಮೂಲ. ಸುತ್ತಿರುವ ನಾಲ್ಕು ತಂತಿಗಳಿಗೆ ಒಣಬಟ್ಟೆಯೇ ಲೇಸು.

ಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಿ. ಮರದ ವಾದ್ಯಕ್ಕೆ ನೂರಕ್ಕೆ 45ರಿಂದ 55ರಷ್ಟು ತೇವಾಂಶ ಹಿತ, ಮಂಗಳೂರಿನ ಆಷಾಢದ ಗಾಳಿ ಅದನ್ನು ಎಷ್ಟೋ ಮೀರಿರುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಒಂದು ಚಿಕ್ಕ ತೇವಮಾಪಕವನ್ನಿಟ್ಟು, ಅದು 60 ದಾಟಿದಾಗ ಚೀಲಗಳನ್ನು ಬದಲಿಸಿ. ತಂತಿಗಳನ್ನು ಪೂರ್ತಿ ಸಡಿಲಿಸುವ ಅಗತ್ಯವಿಲ್ಲ. ಅರ್ಧ ಸ್ವರದಿಂದ ಒಂದು ಸ್ವರದಷ್ಟು ಇಳಿಸಿಟ್ಟರೆ ಸಾಕು.