ಹಿತ್ತಲಿನಲ್ಲಿ ಐದಾರು ಕೋಳಿ: ಯಾವ ತಳಿ, ಎಂಥ ಆರೈಕೆ?

ಪ್ರಶ್ನೆ

ಮನೆಯ ಹಿಂದಿನ ಜಾಗದಲ್ಲಿ ಐದಾರು ಕೋಳಿ ಸಾಕುವ ಯೋಚನೆಯಿದೆ. ಮಾರಾಟದ ಉದ್ದೇಶವಿಲ್ಲ, ಮನೆಯವರಿಗೆ ಸಾಲುವಷ್ಟು ಮೊಟ್ಟೆ ಸಿಕ್ಕರೆ ಸಾಕು. ಚಿಕ್ಕ ಮಕ್ಕಳಿದ್ದಾರೆ, ನೆರೆಮನೆ ಹತ್ತಿರದಲ್ಲೇ ಇದೆ, ಬೇಸಿಗೆಯಲ್ಲಿ ಬಿಸಿಲು ಜೋರು. ನೋಡಲು ಚೆನ್ನಾಗಿರುತ್ತದೆಂದು ತಳಿಗೊಂದರಂತೆ ಬಗೆಬಗೆಯ ಕೋಳಿ ತರೋಣವೆಂದು ಮಕ್ಕಳು ಹಟ ಹಿಡಿದಿದ್ದಾರೆ. ಯಾವ ತಳಿ ಆರಿಸಬೇಕು, ಹುಂಜ ಬೇಕೇ, ಮರಿ ತರುವುದೋ ಬೆಳೆದ ಹೇಟೆ ತರುವುದೋ ಎಂಬುದನ್ನು ಸಾಕಿ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ತಳಿಯ ಹೆಸರು ಹುಡುಕುವ ಮೊದಲು ಕೋಳಿಯಿಂದ ನಮಗೇನು ಬೇಕು ಎಂಬುದು ಇತ್ಯರ್ಥವಾಗಬೇಕು. ಅದನ್ನು ನೀವೇ ಹೇಳಿರುವುದರಿಂದ ಅರ್ಧ ಕೆಲಸ ಮುಗಿದಿದೆ. ಮೊಟ್ಟೆಯೊಂದೇ ಲೆಕ್ಕವಾದರೆ ಲೆಗ್‌ಹಾರ್ನ್‌ಗೆ ಸಾಟಿಯಾದ ಶುದ್ಧ ತಳಿ ಸಿಗುವುದು ಕಷ್ಟ: ಹಗುರವಾದ ಮೈ, ಕಡಿಮೆ ಮೇವು, ವರ್ಷಕ್ಕೆ 280ರ ಆಸುಪಾಸು ಬಿಳಿ ಮೊಟ್ಟೆ, ಕಾವಿಗೆ ಕೂರುವ ಚಟವೂ ಅಷ್ಟಾಗಿ ಇಲ್ಲ. ಆದರೆ ಅದು ಬೆದರುವ ಸ್ವಭಾವದ ಕೋಳಿ. ಬಕೆಟ್ಟಿನ ಸದ್ದಿಗೇ ಬೇಲಿ ಹಾರಿ ನೆರೆಯವರ ಅಂಗಳ ಸೇರುವ ಹಕ್ಕಿಯನ್ನು ಮಕ್ಕಳು ಎತ್ತಿಕೊಂಡು ಮುದ್ದಿಸುವುದು ಆಗದ ಮಾತು.

ನಿಮ್ಮಂಥವರಿಗೆ ನಾನು ಹೇಳುವುದು ಆಸ್ಟ್ರಾಲಾರ್ಪ್. 1922–23ರಲ್ಲಿ ಆಸ್ಟ್ರೇಲಿಯಾದ ಮೊಟ್ಟೆ ಸ್ಪರ್ಧೆಯೊಂದರಲ್ಲಿ ಆರು ಹೇಟೆಗಳು 365 ದಿನಗಳಲ್ಲಿ 1857 ಮೊಟ್ಟೆಯಿಟ್ಟು ದಾಖಲೆ ಮಾಡಿದ್ದು ಈ ತಳಿಯವೇ. ಸ್ಪರ್ಧೆಯ ಕೋಳಿಯ ಲೆಕ್ಕವನ್ನು ಹಿತ್ತಲಿನ ಕೋಳಿಯಿಂದ ಯಾರೂ ಬಯಸಬಾರದು, ಆದರೂ ವರ್ಷಕ್ಕೆ 250ರ ಹತ್ತಿರ ಕಂದು ಮೊಟ್ಟೆಗೆ ಮೋಸವಿಲ್ಲ. ಗುಣದಲ್ಲಿ ಸಾಧು, ಬೇಲಿ ಹಾರುವ ಉತ್ಸಾಹ ಕಡಿಮೆ. ಒಂದೇ ತೊಡಕೆಂದರೆ ಮೈಯೆಲ್ಲ ಕಪ್ಪಾಗಿರುವುದರಿಂದ ಬಿಸಿಲು ಹೆಚ್ಚು ಎಳೆದುಕೊಳ್ಳುತ್ತದೆ, ನೆರಳು ಕಡ್ಡಾಯ. ರೋಡ್ ಐಲೆಂಡ್ ರೆಡ್ ಕೂಡ ಗಟ್ಟಿಮುಟ್ಟಾದ ತಳಿಯೇ, ಆದರೆ ಅದರ ಹೇಟೆಗಳಲ್ಲಿ ಕೆಲವು ಉಳಿದವುಗಳ ಮೇಲೆ ದಬ್ಬಾಳಿಕೆ ನಡೆಸುವುದುಂಟು. ಆರ್ಪಿಂಗ್‌ಟನ್ ಮಕ್ಕಳ ಮಡಿಲಿನಲ್ಲಿ ಕೂರುವಷ್ಟು ಸೌಮ್ಯ. ಆದರೆ ಮೈತುಂಬ ದಟ್ಟ ಪುಕ್ಕ, ಕಡು ಬೇಸಿಗೆಯಲ್ಲಿ ಏದುಸಿರು ಬಿಡುತ್ತಾ ಒದ್ದಾಡುತ್ತದೆ. ಬ್ರಹ್ಮ ಮತ್ತು ಕೊಚಿನ್ ತಳಿಗಳಿಗೂ ಇದೇ ಮಾತು ಸಲ್ಲುತ್ತದೆ. ಸೆಕೆಯ ಊರಿಗೆ ದೊಡ್ಡ ಜುಟ್ಟಿನ, ಹಗುರ ಮೈಯ ಕೋಳಿ ವಾಸಿ, ಏಕೆಂದರೆ ಕೋಳಿ ಬೆವರುವುದಿಲ್ಲ. ಮೈಯ ಬಿಸಿಯನ್ನು ಜುಟ್ಟು, ಗಲ್ಲದ ತೊಗಲು ಮತ್ತು ಉಸಿರಿನ ಮೂಲಕವೇ ಹೊರಹಾಕಬೇಕು. ಕತ್ತಿನಲ್ಲಿ ಗರಿಯಿಲ್ಲದ ಬೋಳು ಕತ್ತಿನ ಕೋಳಿ ನೋಡಲು ಚೆಂದವಿಲ್ಲದಿದ್ದರೂ ಸೆಕೆ ತಡೆಯುವುದರಲ್ಲಿ ಮುಂದು.

ತಳಿಗೊಂದು ಕೋಳಿ ತರುವ ಆಸೆಗೆ ನನ್ನ ಅಡ್ಡಿಯಿಲ್ಲ, ಆದರೆ ಗಾತ್ರ ಮತ್ತು ಸ್ವಭಾವ ಹೊಂದುವಂಥವನ್ನು ಆರಿಸಿ. ತಲೆಯ ಮೇಲೆ ಗರಿಯ ಕಿರೀಟವಿರುವ ಪೋಲಿಶ್ ಕೋಳಿಗೆ ಎದುರಿನದೇ ಸರಿಯಾಗಿ ಕಾಣುವುದಿಲ್ಲ. ರೇಷ್ಮೆಯಂಥ ಗರಿಯ ಸಿಲ್ಕಿ ಕೋಳಿಗೆ ಮಳೆ ತಡೆಯುವ ಪುಕ್ಕವೇ ಇಲ್ಲ. ಇವನ್ನು ರೋಡ್ ಐಲೆಂಡ್ ರೆಡ್ ಜೊತೆ ಬಿಟ್ಟರೆ ಮೇವಿನ ತಟ್ಟೆಯ ಬಳಿಗೂ ಸುಳಿಯಗೊಡುವುದಿಲ್ಲ. ಮತ್ತೊಂದು ಮಾತು: ಕೋಳಿ ಗುಂಪಿನ ಜೀವಿ, ಮೂರಕ್ಕಿಂತ ಕಡಿಮೆ ಎಂದೂ ಸಾಕಬೇಡಿ.

ಉತ್ತರ 2

ಮೇಲಿನವರು ಮಿಶ್ರತಳಿಯ ಕಂದು ಲೇಯರ್ (ಮೊಟ್ಟೆಗೆಂದೇ ಸಾಕುವ) ಕೋಳಿಗಳನ್ನು ಬಿಟ್ಟೇಬಿಟ್ಟರು. ಐಎಸ್ಎ ಬ್ರೌನ್‌ನಂಥವು ಮೊದಲ ವರ್ಷ 300 ಮೊಟ್ಟೆ ದಾಟುತ್ತವೆ, ಮನುಷ್ಯರಿಗೆ ಬಲುಬೇಗ ಹೊಂದಿಕೊಳ್ಳುತ್ತವೆ; ಮೊದಲ ಸಲ ಸಾಕುವವರಿಗೆ ಇದಕ್ಕಿಂತ ಸುಲಭದ ಕೋಳಿ ಬೇರೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡು ವರ್ಷದ ಬಳಿಕ ಇಳುವರಿ ಕುಸಿಯುವುದು, ಗರ್ಭನಾಳದ ತೊಂದರೆಗಳು ಕಾಣಿಸಿಕೊಳ್ಳುವುದು ನಿಜ. ಇವುಗಳಿಂದ ಮರಿ ಮಾಡಿಸಿದರೆ ತಾಯಿಯ ಗುಣ ಹಾಗೆಯೇ ಇಳಿಯುವುದೂ ಇಲ್ಲ. ಹತ್ತು ವರ್ಷ ಬಾಳುವ ಕೋಳಿ ಬೇಕೆಂದರೆ ಇವು ಬೇಡ.

ಹುಂಜದ ಬಗ್ಗೆ ಹೇಳುವುದಾದರೆ, ಮೊಟ್ಟೆಯಿಡಲು ಹೇಟೆಗೆ ಹುಂಜ ಬೇಕಿಲ್ಲ. ಮರಿ ಬೇಕಾದರೆ ಮಾತ್ರ ಬೇಕು. ಎಂಟು ಹತ್ತು ಹೇಟೆಗೆ ಒಂದು ಹುಂಜ ಹದವಾದ ಲೆಕ್ಕ, ಐದಾರಕ್ಕೆ ಒಂದಿದ್ದರೆ ಹೇಟೆಗಳ ಬೆನ್ನಿನ ಗರಿಯೆಲ್ಲ ಉದುರುತ್ತದೆ. ಅದಕ್ಕಿಂತ ಹೆಚ್ಚಾಗಿ, ನೆರೆಮನೆ ಅಷ್ಟು ಹತ್ತಿರವಿರುವಾಗ ಬೆಳಗಿನ ಜಾವದ ಕೂಗಿಗೆ ಯಾರು ಉತ್ತರ ಹೇಳುತ್ತಾರೆ?

ಮರಿ ಅಗ್ಗ, ಆದರೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ನೋಡುವುದಕ್ಕಿಂತ ಮರಿಗಳನ್ನು ನೋಡಿದರೆ ಬೇಗ ತಿಳಿಯುತ್ತದೆ: ದೀಪದ ಕೆಳಗೆ ಒಂದರ ಮೇಲೊಂದು ಮುತ್ತಿದ್ದರೆ ಚಳಿ, ಮೂಲೆ ಸೇರಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲೆಡೆ ಚದುರಿ ಮೇಯುತ್ತಿದ್ದರೆ ಕಾವು ಸರಿಯಾಗಿದೆ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವ ತಾಪತ್ರಯವೂ ಇದೆ. ಹದಿನಾರು ವಾರ ತುಂಬಿದ, ಲಸಿಕೆ ಮುಗಿದ ಹೇಟೆ ತಂದರೆ ಒಂದೆರಡು ತಿಂಗಳಲ್ಲೇ ಮೊಟ್ಟೆ ಶುರುವಾಗುತ್ತದೆ.

ಉತ್ತರ 3

ತಳಿಯ ಚರ್ಚೆಯೇ ಇಷ್ಟುದ್ದ ನಡೆದಿದೆ. ನನ್ನನ್ನು ಕೇಳಿದರೆ, ಕೋಳಿ ಉಳಿಯುವುದೂ ಅಳಿಯುವುದೂ ಗೂಡಿನ ಮೇಲೆ ನಿಂತಿದೆ. ತಳಿ ಆಮೇಲಿನ ಮಾತು. ಮುಂಗುಸಿ, ಕಾಡುಬೆಕ್ಕು, ಹೆಗ್ಗಣ, ನಾಯಿಗಳಿಗೆ ಲೆಗ್‌ಹಾರ್ನ್ ಆದರೇನು, ಆರ್ಪಿಂಗ್‌ಟನ್ ಆದರೇನು? ಆರು ಮೂಲೆಯ ಕಣ್ಣಿನ ತೆಳು ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೇಟೆಗಾರನನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ, ಹೆಗ್ಗಣ ಕಡಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕಿಸಿ, ಗೂಡಿನ ಸುತ್ತ ಒಂದಡಿ ಅಗಲ ನೆಲದಲ್ಲಿ ಹೂತರೆ ನೆಲ ಬಗೆದು ನುಗ್ಗುವುದು ನಿಲ್ಲುತ್ತದೆ. ಚಿಲಕ ಮೇಲೆತ್ತಿದರೆ ತೆರೆಯುವಂಥದ್ದಾಗಿರದೆ ತಿರುಗಿಸಿ ಬಿಗಿಯುವಂಥದ್ದಾಗಿರಲಿ.

ಗೂಡಿನೊಳಗೆ ಕೋಳಿಯೊಂದಕ್ಕೆ ನಾಲ್ಕು ಚದರ ಅಡಿ, ಹೊರಗೆ ಅಡ್ಡಾಡಲು ಹತ್ತು ಚದರ ಅಡಿ ಇರಬೇಕು. ಇದಕ್ಕಿಂತ ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕುವ ಚಾಳಿ ಹತ್ತುತ್ತದೆ, ಹತ್ತಿದ ಮೇಲೆ ಬಿಡಿಸುವುದು ಬಹಳ ಕಷ್ಟ. ರಾತ್ರಿ ಕೂರುವ ಗಳಕ್ಕೆ ಕೋಳಿಗೆ ಒಂದು ಗೇಣಿನಷ್ಟು ಜಾಗ ಲೆಕ್ಕ ಹಾಕಿ, ಗಳವನ್ನು ಮೊಟ್ಟೆಯ ಪೆಟ್ಟಿಗೆಗಿಂತ ಎತ್ತರದಲ್ಲಿ ಕಟ್ಟಿ. ಎತ್ತರದ ತಾಣವೇ ಕೋಳಿಗೆ ಮಲಗುವ ತಾಣ. ಪೆಟ್ಟಿಗೆ ಎತ್ತರದಲ್ಲಿದ್ದರೆ ಅಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಮೊಟ್ಟೆಯೆಲ್ಲ ಹೊಲಸಾಗುತ್ತದೆ. ನಾಲ್ಕು ಹೇಟೆಗೆ ಒಂದು ಪೆಟ್ಟಿಗೆ ಸಾಕು. ಎಷ್ಟು ಪೆಟ್ಟಿಗೆಯಿಟ್ಟರೂ ಎಲ್ಲವೂ ಒಂದೇ ಪೆಟ್ಟಿಗೆಗೆ ಸಾಲು ನಿಲ್ಲುವುದು ಬೇರೆ ವಿಚಾರ.

ನೆರೆಯವರ ದೂರು ಸಾಮಾನ್ಯವಾಗಿ ಸದ್ದಿಗಿಂತ ವಾಸನೆಯಿಂದ ಹುಟ್ಟುತ್ತದೆ. ನೆಲಕ್ಕೆ ಒಣ ಹೊಟ್ಟು ಅಥವಾ ಮರ ಹೆರೆದ ತೆಳು ಸಿಪ್ಪೆ ದಪ್ಪನಾಗಿ ಹಾಸಿ, ಆಗಾಗ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಸುಕಿ ನೋಡಿ. ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ, ಅಮೋನಿಯಾ ಏಳುವುದಕ್ಕೆ ಮೊದಲೇ ತೆಗೆದು ಒಣ ಹಾಸು ಸೇರಿಸಬೇಕು. ಗೂಡಿನ ಮೇಲ್ಭಾಗದಲ್ಲಿ ಗಾಳಿಗಂಡಿ ಇರಲಿ, ಆದರೆ ಗಾಳಿ ನೇರವಾಗಿ ಗಳದ ಮೇಲೆ ಬೀಸದಂತಿರಲಿ.

ಉತ್ತರ 4

ಮೇವಿನ ವಿಚಾರ ಯಾರೂ ಎತ್ತಲಿಲ್ಲ. ಮೊಟ್ಟೆಯಿಡುವ ಕೋಳಿ ದಿನಕ್ಕೆ 110ರಿಂದ 120 ಗ್ರಾಂ ತಿನ್ನುತ್ತದೆ. ಅದರಲ್ಲಿ ಶೇಕಡ 16ರಷ್ಟಾದರೂ ಪ್ರೋಟೀನ್ ಇರಬೇಕು. ಮನೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಯಿಂದಲೇ ಸಾಕುತ್ತೇವೆ ಎನ್ನುವವರಿಗೆ ಮೊಟ್ಟೆ ಸಿಗುವುದು ಅಷ್ಟಕ್ಕಷ್ಟೇ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಿನಲ್ಲಿಡಿ, ಬೇಕಾದಷ್ಟನ್ನು ಅವೇ ಆರಿಸಿ ತಿನ್ನುತ್ತವೆ. ಮರಿಗಳಿಗೆ ಮಾತ್ರ ಲೇಯರ್ ಮೇವು ಹಾಕಲೇಬೇಡಿ, ಅದರಲ್ಲಿರುವ ಕ್ಯಾಲ್ಸಿಯಂ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಬೂಸಲು ಹಿಡಿದ ಕಾಳು, ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆ, ಬೇಯಿಸದ ಒಣ ಹುರುಳಿಕಾಯಿ ಬೀಜ ಯಾವ ವಯಸ್ಸಿನ ಕೋಳಿಗೂ ಬೇಡ.

ಮೊಟ್ಟೆ ಇದ್ದಕ್ಕಿದ್ದಂತೆ ನಿಂತರೆ ಗಾಬರಿಯಾಗುವ ಮೊದಲು ಮೂರು ಸಂಗತಿ ನೋಡಿ. ಗರಿ ಉದುರುತ್ತಿದೆಯೇ? ವರ್ಷಕ್ಕೊಮ್ಮೆ ಗರಿ ಬದಲಿಸುವಾಗ ಮೊಟ್ಟೆ ನಿಲ್ಲುವುದು ಸಹಜ. ಹಗಲು ಚಿಕ್ಕದಾಗಿದೆಯೇ? ಭರ್ತಿ ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಪೆಟ್ಟಿಗೆ ಬಿಟ್ಟೇಳದೆ, ಕೈಯಿಟ್ಟರೆ ಗರಿ ಕೆದರಿ ಗುರುಗುಡುತ್ತಿದೆಯೇ? ಅದು ಕಾವಿಗೆ ಕೂತಿದೆ. ಹುಂಜವಿಲ್ಲದ ಗುಂಪಿನಲ್ಲಿ 21 ದಿನ ಕೂತರೂ ಮರಿ ಬರುವುದಿಲ್ಲ. ತಳಕ್ಕೆ ತಂತಿ ಬಲೆಯಿರುವ, ಹಾಸಿಲ್ಲದ ಪಂಜರದಲ್ಲಿ ಮೇವು ನೀರು ಕೊಟ್ಟು ಕೆಲವು ದಿನ ಬಿಟ್ಟರೆ ಹೊಟ್ಟೆಯಡಿಗೆ ಗಾಳಿಯಾಡಿ ಕಾವು ಇಳಿಯುತ್ತದೆ.

ಉತ್ತರ 5

ಕಾಯಿಲೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕೊಕ್ಕರೆ ರೋಗ (ರಾಣಿಖೇತ್) ಬಂದ ಮೇಲೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಮರಿ ತರುವುದಾದರೆ ಮೊದಲ ವಾರದಿಂದಲೇ ಪಶುವೈದ್ಯರನ್ನು ಕೇಳಿ ಲಸಿಕೆಯ ವೇಳಾಪಟ್ಟಿ ಬರೆಸಿಕೊಳ್ಳಿ. ಎಳೆಯ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿಯೆಂದು ತಿಳಿದು ಅಂದೇ ಔಷಧ ಶುರುಮಾಡಿಸಬೇಕು, ತಡಮಾಡಿದರೆ ಒಂದೊಂದಾಗಿ ಸಾಯುತ್ತವೆ. ಕೋಳಿಯನ್ನು ದಿನಾ ಕೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ಎದೆಯ ಮೇಲ್ಭಾಗದ ಮೇವಿನ ಚೀಲ ಸಂಜೆಗೆ ತುಂಬಿ ಬೆಳಗ್ಗೆ ಖಾಲಿಯಾಗಿರಬೇಕು; ಬೆಳಗ್ಗೆಯೂ ಗಟ್ಟಿಯಾಗಿ ಉಬ್ಬಿದ್ದರೆ ಮೇವು ಕಟ್ಟಿಕೊಂಡಿದೆ ಎಂದರ್ಥ. ಕೆಂಪು ನುಸಿ ಹಗಲು ಗಳದ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಗಳದ ಅಡಿಗೆ ಬಿಳಿ ಬಟ್ಟೆ ಒರೆಸಿದಾಗ ರಕ್ತದ ಗೆರೆ ಮೂಡಿದರೆ ನುಸಿ ಇದ್ದೇ ಇದೆ. ಕೋಳಿಯಷ್ಟೇ ಅಲ್ಲ, ಗೂಡಿನ ಬಿರುಕುಗಳಿಗೂ ಚಿಕಿತ್ಸೆ ಆಗಬೇಕು. ಮಕ್ಕಳು ಕೋಳಿ ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯುವುದು ತಪ್ಪಬಾರದು, ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೆಳೆದ ಆಸ್ಟ್ರಾಲಾರ್ಪ್ ಹೇಟೆಗಳು ನಾಲ್ಕನ್ನು ಈಗ ತಂದು, ಮಕ್ಕಳ ಆಸೆಗೆ ಬೇರೆ ತಳಿಯ ಎರಡನ್ನು ಆಮೇಲೆ ಸೇರಿಸಬಹುದೇ?

ಉತ್ತರ 3 ಬರೆದವರಿಂದ

ಸೇರಿಸಬಹುದು, ಆದರೆ ಒಂದನ್ನೇ ತರದೆ ಎರಡನ್ನೂ ಒಟ್ಟಿಗೆ ತನ್ನಿ. ಕಾಯಿಲೆ ಹರಡದಂತೆ ಮೊದಲ ಒಂದು ತಿಂಗಳು ದೂರದಲ್ಲಿ ಬೇರೆಯಿಡಿ. ಹಳೆಯ ಕೋಳಿಗೆ ಮೇವು ಹಾಕಿ ಮುಗಿಸಿದ ಬಳಿಕವೇ ಹೊಸದರ ಬಳಿ ಹೋಗಿ. ಆಮೇಲೆ ಒಂದೆರಡು ವಾರ ಜಾಲರಿಯ ಆಚೆ ಈಚೆ ಇಟ್ಟು ಒಂದಕ್ಕೊಂದು ಕಾಣುವಂತೆ ಮಾಡಿ, ರಾತ್ರಿ ಹೊತ್ತು ಗಳದ ಮೇಲೆ ಕೂರಿಸಿ. ಬೆಳಗ್ಗೆ ಕುಕ್ಕಾಟ ನಡೆದೇ ನಡೆಯುತ್ತದೆ, ನಡುವೆ ಬಿಡಿಸಲು ಹೋಗಬೇಡಿ. ಮೇವು ನೀರನ್ನು ಎರಡು ಕಡೆ ಇಟ್ಟರೆ ಸೋತ ಕೋಳಿ ಹಸಿದುಕೊಂಡಿರುವುದು ತಪ್ಪುತ್ತದೆ. ರಕ್ತ ಬಂದ ಕೋಳಿಯನ್ನು ಮಾತ್ರ ಕೂಡಲೇ ಎತ್ತಿ ಬೇರೆ ಮಾಡಿ, ಗಾಯ ಪೂರ್ತಿ ಒಣಗಿದ ಮೇಲೆ ಮತ್ತೆ ರಾತ್ರಿ ಹೊತ್ತಿನಲ್ಲೇ ಗುಂಪಿಗೆ ಬಿಡಿ.